ರಿಕ್ಷಾ ಎಳೆದ ಎಂ.ಎ. ಪದವೀಧರ

ಮಗ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದಾನೆ. ಊರಿನಲ್ಲಿ ತಂದೆ ಕಷ್ಟಪಟ್ಟು ಬೆಳೆಸಿದ ಬಟ್ಟೆಯ ವ್ಯಾಪಾರವಿದೆ. ಮಗ ಗಲ್ಲಾದ ಮುಂದೆ ಕುಳಿತು ಲೆಕ್ಕ ನೋಡಿಕೊಂಡರೆ ಸಾಕು, ಮೂರು ತಲೆಮಾರು ಕುಳಿತು ಉಣ್ಣಬಹುದು. ಆದರೆ ಮಗ ಕೂರಲಿಲ್ಲ. ಪತ್ರಿಕೆ ನಡೆಸುತ್ತೇನೆ ಎಂದ, ಮೇಷ್ಟರಾಗುತ್ತೇನೆ ಎಂದ, ಗಾಂಧೀಜಿಯವರ ಆಶ್ರಮಕ್ಕೆ ಹೋಗುತ್ತೇನೆ ಎಂದ, ಲಂಡನ್ನಿನ ರೇಡಿಯೊ ಎಂದ, ಕೊನೆಗೆ ನಾಟಕ, ಸಿನಿಮಾ ಎಂದ. ಇಂಥ ಮಗನನ್ನು ಕಂಡು ಯಾವ ತಂದೆ ತಾಯಿಗೆ ತಾನೆ ಚಿಂತೆಯಾಗದು? ‘ಓದಿಸಿದ್ದೆಲ್ಲ ನೀರಿನಲ್ಲಿ ಹೋಮವಾಯಿತಲ್ಲ’ ಎಂದು ನಿಟ್ಟುಸಿರು ಬಿಡದೆ ಇರುವರೆ?

ಆ ಮಗನೇ ಬಲರಾಜ್ ಸಾಹ್ನಿ. ‘ದೋ ಬಿಘಾ ಜಮೀನ್’, ‘ಕಾಬೂಲಿವಾಲಾ’, ‘ಅನುರಾಧಾ’, ‘ವಕ್ತ್’, ‘ಗರ್ಮ್ ಹವಾ’ ಮುಂತಾದ ಚಿತ್ರಗಳ ಮೂಲಕ ಹಿಂದಿ ಚಿತ್ರರಂಗದ ಚರಿತ್ರೆಯಲ್ಲಿ ಅಚ್ಚಳಿಯದ ಹೆಸರು ಪಡೆದ ನಟ. ಅವರ ಬದುಕನ್ನು ದೂರದಿಂದ ನೋಡಿದವರಿಗೆ ಅದೊಂದು ಅಲೆದಾಟದಂತೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಅದೆಲ್ಲ ಒಂದೇ ಶಾಲೆಯ ಬೇರೆ ಬೇರೆ ತರಗತಿಗಳು ಎಂಬುದು ತಿಳಿಯುತ್ತದೆ. ಪದವಿ ಪಡೆದ ಮೇಲೆ ಕಲಿಕೆ ಮುಗಿಯಿತು ಎಂದು ಅವರು ಭಾವಿಸಲೇ ಇಲ್ಲ. ನಲವತ್ತರ ಹೊಸ್ತಿಲಿನಲ್ಲಿ ಅವರಿಗೆ ಪಾಠ ಹೇಳಿದ ಗುರು ಒಬ್ಬ ರಿಕ್ಷಾ ಎಳೆಯುವವನು!

ಅಂಗಡಿಯಿಂದ ಆಶ್ರಮಕ್ಕೆ

ಬಲರಾಜ್ ಹುಟ್ಟಿದ್ದು 1913ರ ಮೇ 1ರಂದು, ಇಂದು ಪಾಕಿಸ್ತಾನದಲ್ಲಿರುವ ರಾವಲ್ಪಿಂಡಿಯಲ್ಲಿ. ಮನೆಯವರು ಮೊದಲು ಇಟ್ಟ ಹೆಸರು ಯುಧಿಷ್ಠಿರ. ತಂದೆ ಹರಬಂಸ್‌ಲಾಲ್ ಸಾಹ್ನಿ ಆರ್ಯ ಸಮಾಜದ ನಿಷ್ಠಾವಂತ ಅನುಯಾಯಿ. ಆದ್ದರಿಂದ ಮಗನ ವಿದ್ಯಾಭ್ಯಾಸ ಗುರುಕುಲದಲ್ಲಿ, ಸಂಸ್ಕೃತ ಹಿಂದಿಗಳಿಂದ ಆರಂಭವಾಯಿತು. ಮುಂದೆ ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ. ಎರಡು ವರ್ಷ ಕಿರಿಯನಾದ ತಮ್ಮ ಭೀಷ್ಮನಿಗೆ ಅಣ್ಣನೇ ಆದರ್ಶ. ‘ತಮಸ್’ ಕಾದಂಬರಿಯನ್ನು ಬರೆದು ಖ್ಯಾತರಾದ ಭೀಷ್ಮ ಸಾಹ್ನಿ ಅವರೇ ಈ ತಮ್ಮ.

ಓದು ಮುಗಿದ ಮೇಲೆ ಬಲರಾಜ್ ಕೆಲಕಾಲ ತಂದೆಯ ವ್ಯಾಪಾರದಲ್ಲಿ ಕೈಜೋಡಿಸಿದರು. ಮನಸ್ಸು ನಿಲ್ಲಲಿಲ್ಲ. ಮದುವೆಯಾಗಿತ್ತು; ಪತ್ನಿ ದಮಯಂತಿ ಜೊತೆಗಿದ್ದರು. ಇಬ್ಬರೂ ಮನೆ ಬಿಟ್ಟು ಹೊರಟರು. ಲಾಹೋರಿನಲ್ಲಿ ಪತ್ರಿಕೆ ನಡೆಸುವ ಪ್ರಯತ್ನ ಬಹುಕಾಲ ಬಾಳಲಿಲ್ಲ. ಅಲ್ಲಿಂದ ಬಂಗಾಳಕ್ಕೆ, ರವೀಂದ್ರನಾಥ ಠಾಕೂರರ ಶಾಂತಿನಿಕೇತನಕ್ಕೆ ಹಿಂದಿ ಅಧ್ಯಾಪಕರಾಗಿ ಬಂದರು. ಸಂಬಳ ಅಲ್ಪ, ಸಹವಾಸ ದೊಡ್ಡದು.

ಅಲ್ಲಿ ನಡೆದ ಒಂದು ಸಂಭಾಷಣೆಯನ್ನು ಬಲರಾಜ್ ಜೀವನವಿಡೀ ಮರೆಯಲಿಲ್ಲ. ಪಾಠ ಹೇಳುವುದರ ಜೊತೆಗೆ ಇನ್ನೇನು ಮಾಡುತ್ತೀರಿ ಎಂದು ಗುರುದೇವರು ಕೇಳಿದರು. ಹಿಂದಿಯಲ್ಲಿ ಕಥೆ ಬರೆಯುತ್ತೇನೆ ಎಂದು ಬಲರಾಜ್ ಉತ್ತರಿಸಿದರು. ನಿಮ್ಮ ತಾಯ್ನುಡಿ ಪಂಜಾಬಿಯಲ್ಲವೆ, ಅದರಲ್ಲಿ ಏಕೆ ಬರೆಯುವುದಿಲ್ಲ ಎಂಬುದು ಮುಂದಿನ ಪ್ರಶ್ನೆ. ಪಂಜಾಬಿ ಇನ್ನೂ ಬೆಳೆಯದ ಭಾಷೆ ಎಂದು ಯುವಕ ಅಧ್ಯಾಪಕರು ವಾದ ಮಾಡಿದರು. ಗುರುನಾನಕರು ಹಾಡಿದ ಭಾಷೆಯನ್ನು ಬೆಳೆಯದ ಭಾಷೆ ಎನ್ನಬಹುದೆ ಎಂದು ಕವಿ ಮರುಪ್ರಶ್ನೆ ಹಾಕಿದರು. ತನ್ನ ಜನರು ಒಪ್ಪಿಕೊಳ್ಳದ ಹೊರತು ಹೊರಗಿನವರು ಲೇಖಕನನ್ನು ಒಪ್ಪುವುದಿಲ್ಲ ಎಂಬುದು ಅವರ ಮಾತಿನ ತಿರುಳಾಗಿತ್ತು. ಆಗ ಆ ಮಾತು ಬಲರಾಜರಿಗೆ ರುಚಿಸಲಿಲ್ಲ. ಬೀಜ ಬಿದ್ದ ಕೂಡಲೇ ಮೊಳಕೆ ಬರುವುದಿಲ್ಲವಷ್ಟೆ!

1938ರಲ್ಲಿ ಅವರು ಸೇವಾಗ್ರಾಮಕ್ಕೆ ಹೋದರು. ಕೈಕೆಲಸದ ಮೂಲಕ, ಮಾತೃಭಾಷೆಯಲ್ಲಿ ಮಕ್ಕಳಿಗೆ ಶಿಕ್ಷಣ ಕೊಡಬೇಕೆಂಬ ಗಾಂಧೀಜಿಯವರ ‘ನಯೀ ತಾಲೀಮ್’ ಯೋಜನೆ ಆಗ ರೂಪುಗೊಳ್ಳುತ್ತಿತ್ತು. ಅದರ ಪತ್ರಿಕೆಯ ಕೆಲಸ ಬಲರಾಜರದಾಯಿತು. ಅನಂತರ ಎರಡನೆಯ ಮಹಾಯುದ್ಧದ ಆರಂಭದ ದಿನಗಳಲ್ಲಿ ಬಿ.ಬಿ.ಸಿ.ಯ ಹಿಂದಿ ವಿಭಾಗದಲ್ಲಿ ಉದ್ಯೋಗ ದೊರೆತು ದಂಪತಿ ಲಂಡನ್ನಿಗೆ ಹೋದರು. ಮೇಲಿನಿಂದ ಬಾಂಬುಗಳು ಬೀಳುತ್ತಿದ್ದ ನಗರದಲ್ಲಿ ಕುಳಿತು ಸಾವಿರಾರು ಮೈಲಿ ದೂರದ ತಮ್ಮ ದೇಶದವರಿಗೆ ಸುದ್ದಿ ಹೇಳುವ ಕೆಲಸ. ಮೈಕಿನ ಮುಂದೆ ಕಿರುಚಿದರೆ ಕೆಡುತ್ತದೆ. ಎದುರಿಗೆ ಕುಳಿತ ಒಬ್ಬನಿಗೆ ಹೇಳುವಂತೆ ಹೇಳಿದರೆ ಲಕ್ಷಾಂತರ ಜನರಿಗೆ ಮುಟ್ಟುತ್ತದೆ. ಮುಂದೆ ಅವರ ಸಂಭಾಷಣೆಯಲ್ಲಿ ಕಾಣುವ ಆ ತಗ್ಗಿದ, ತೂಕವುಳ್ಳ ದನಿಗೆ ರೇಡಿಯೊ ಒಳ್ಳೆಯ ಪಾಠಶಾಲೆಯಾಯಿತು.

ಕೊರಡಿನಂತಾದ ಮೈ

ಸ್ವದೇಶಕ್ಕೆ ಮರಳಿದ ಬಲರಾಜ್ ಮುಂಬಯಿಯಲ್ಲಿ 1943ರಲ್ಲಿ ಹುಟ್ಟಿದ್ದ ‘ಇಪ್ಟಾ’ ಎಂಬ ಜನನಾಟ್ಯ ಸಂಘವನ್ನು ಸೇರಿದರು. ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಬಂಗಾಳದ ಕ್ಷಾಮವನ್ನು ಕುರಿತು ಈ ಸಂಘ ನಿರ್ಮಿಸಿದ, ಖ್ವಾಜಾ ಅಹ್ಮದ್ ಅಬ್ಬಾಸ್ ನಿರ್ದೇಶಿಸಿದ ‘ಧರತಿ ಕೆ ಲಾಲ್’ 1946ರಲ್ಲಿ ತೆರೆಗೆ ಬಂದಿತು. ಬಲರಾಜ್, ದಮಯಂತಿ ಇಬ್ಬರೂ ಅದರಲ್ಲಿ ಅಭಿನಯಿಸಿದರು. ಆದರೆ ಸುಖದ ದಿನಗಳು ಬರುವ ಮೊದಲೇ, 1947ರಲ್ಲಿ, ದಮಯಂತಿ ಎರಡು ಎಳೆಯ ಮಕ್ಕಳನ್ನು ಬಿಟ್ಟು ತೀರಿಕೊಂಡರು. ಅದೇ ವರ್ಷ ದೇಶ ವಿಭಜನೆಯಾಗಿ ಹುಟ್ಟಿದೂರು ಪರದೇಶವಾಯಿತು.

ನಾಟಕದಲ್ಲಿ ಚೆನ್ನಾಗಿ ಪಾತ್ರ ಮಾಡುತ್ತಿದ್ದ ಬಲರಾಜ್ ಕ್ಯಾಮೆರಾ ಮುಂದೆ ನಿಂತರೆ ಮೈಯೆಲ್ಲ ಮರದ ಕೊರಡಿನಂತಾಗುತ್ತಿತ್ತು. ಮಾತು ಮರೆಯುತ್ತಿತ್ತು, ನಾಲಿಗೆ ಒಣಗುತ್ತಿತ್ತು. ಈ ಭಯವನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಎಂ.ಎ. ಪದವಿ, ಲಂಡನ್ನಿನ ಅನುಭವ, ವಿಶ್ವಸಾಹಿತ್ಯದ ಓದು ಯಾವುದೂ ಆ ಕ್ಷಣದಲ್ಲಿ ನೆರವಿಗೆ ಬರುತ್ತಿರಲಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಓದಿದ್ದೆಲ್ಲ ಮರೆತು ಬೆವರುವ ವಿದ್ಯಾರ್ಥಿಗೆ ಈ ಅವಸ್ಥೆಯ ಪರಿಚಯ ಚೆನ್ನಾಗಿಯೇ ಇರುತ್ತದೆ.

ಅದರ ನಡುವೆ ಇನ್ನೊಂದು ಪ್ರಕರಣ. ಕಮ್ಯುನಿಸ್ಟ್ ಪಕ್ಷದ ಮೆರವಣಿಗೆಯೊಂದರಲ್ಲಿ ಭಾಗವಹಿಸಿದ್ದಕ್ಕಾಗಿ ಬಲರಾಜ್ ಬಂಧಿತರಾಗಿ ಕೆಲವು ತಿಂಗಳು ಸೆರೆಮನೆಯಲ್ಲಿ ಇರಬೇಕಾಯಿತು. ಆಗ ಅವರು ಒಪ್ಪಿಕೊಂಡಿದ್ದ ಚಿತ್ರ ‘ಹಲ್‌ಚಲ್’. ಅದರಲ್ಲಿ ಅವರದು ಜೈಲರನ ಪಾತ್ರ! ನಿರ್ಮಾಪಕರು ಸರ್ಕಾರದ ಅನುಮತಿ ಪಡೆದರು. ಕೈದಿಯಾಗಿ ಪೊಲೀಸರ ಕಾವಲಿನಲ್ಲಿ ಸ್ಟುಡಿಯೊಗೆ ಬರುವುದು, ಜೈಲರನ ಸಮವಸ್ತ್ರ ತೊಟ್ಟು ಅಭಿನಯಿಸುವುದು, ಸಂಜೆ ಮತ್ತೆ ಕೈದಿಯಾಗಿ ಸೆರೆಮನೆಗೆ ಮರಳುವುದು ಹೀಗೆ ಚಿತ್ರೀಕರಣ ನಡೆಯಿತು.

ಬಿಡುಗಡೆಯ ನಂತರ ಸಂಸಾರ ನಡೆಯಬೇಕಲ್ಲ? ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಮೊದಲ ಬಾರಿ ನಿರ್ದೇಶಿಸಿದ ‘ಬಾಜಿ’ (1951) ಚಿತ್ರಕ್ಕೆ ಚಿತ್ರಕಥೆ, ಸಂಭಾಷಣೆ ಬರೆದವರು ಬಲರಾಜ್ ಸಾಹ್ನಿ. ಮುಂಬಯಿಯ ಬಸ್ಸಿನಲ್ಲಿ ಟಿಕೆಟ್ ಕೊಡುತ್ತ ಪ್ರಯಾಣಿಕರನ್ನು ನಗಿಸುತ್ತಿದ್ದ ಬದ್ರುದ್ದೀನ್ ಎಂಬ ಕಂಡಕ್ಟರನ ಪ್ರತಿಭೆಯನ್ನು ಗುರುತಿಸಿ ಗುರುದತ್ತರ ಬಳಿಗೆ ಕಳುಹಿಸಿದವರೂ ಅವರೇ. ಆ ಕಂಡಕ್ಟರೇ ಮುಂದೆ ಜಾನಿ ವಾಕರ್ ಎಂಬ ಹೆಸರಿನಲ್ಲಿ ದೇಶವನ್ನೇ ನಗಿಸಿದರು. ತಮಗೇ ಇನ್ನೂ ನೆಲೆಯಿಲ್ಲದಿದ್ದಾಗ ಇನ್ನೊಬ್ಬರ ಪ್ರತಿಭೆಗೆ ದಾರಿ ತೋರುವುದು ಎಲ್ಲರಿಂದ ಆಗುವ ಕೆಲಸವಲ್ಲ.

ಇಪ್ಪತ್ತಾರು ಗುಂಟೆಯ ಕಥೆ

‘ದೋ ಬಿಘಾ ಜಮೀನ್’ ಚಿತ್ರಕ್ಕೆ ನಿರ್ದೇಶಕ ಬಿಮಲ್ ರಾಯ್ ನಾಯಕನನ್ನು ಹುಡುಕುತ್ತಿದ್ದಾಗ ಬಲರಾಜ್ ಸೂಟು ಬೂಟು ಧರಿಸಿ ಅವರೆದುರು ನಿಂತರು. ಎತ್ತರದ ನಿಲುವು, ಬಿಳಿಯ ಮೈಬಣ್ಣ, ಸಾಹೇಬರ ಠೀವಿ. ಈ ಮನುಷ್ಯ ಬಡ ರೈತನಾಗುವುದು ಹೇಗೆ ಎಂದು ಬಿಮಲ್ ರಾಯ್ ಸಂದೇಹಪಟ್ಟರು. ‘ಧರತಿ ಕೆ ಲಾಲ್’ ಚಿತ್ರದಲ್ಲಿ ರೈತನ ಪಾತ್ರ ಮಾಡಿದ್ದನ್ನು ತಿಳಿಸಿದ ಮೇಲೆ ಪಾತ್ರ ದೊರೆಯಿತು.

ಬಂಗಾಳದ ಬಿಘಾ ಎಂದರೆ ಎಕರೆಯ ಮೂರನೆಯ ಒಂದು ಭಾಗ. ಎರಡು ಬಿಘಾ ನಮ್ಮ ಲೆಕ್ಕದಲ್ಲಿ ಸುಮಾರು 26 ಗುಂಟೆ. ಇಷ್ಟೇ ನೆಲ ಶಂಭು ಮಹತೋ ಎಂಬ ರೈತನ ಸರ್ವಸ್ವ. ಕಾರ್ಖಾನೆ ಕಟ್ಟಿಸಲು ಜಮೀನ್ದಾರನಿಗೆ ಅದೇ ನೆಲ ಬೇಕು. ಕೊಡಲೊಲ್ಲದ ರೈತನ 65 ರೂಪಾಯಿಯ ಸಾಲ ಸುಳ್ಳು ಲೆಕ್ಕದಲ್ಲಿ 235 ರೂಪಾಯಿಯಾಗುತ್ತದೆ. ನ್ಯಾಯಾಲಯ ಮೂರು ತಿಂಗಳ ಗಡುವು ಕೊಡುತ್ತದೆ. ಹಣ ಸಂಪಾದಿಸಲು ಶಂಭು ಕಲ್ಕತ್ತೆಗೆ ಹೋಗಿ ಕೈರಿಕ್ಷಾ ಎಳೆಯುವವನಾಗುತ್ತಾನೆ. ಹಿಂದೆಯೇ ಬಂದ ಚಿಕ್ಕ ಮಗ ದಾರಿಹೋಕರ ಬೂಟಿಗೆ ಪಾಲಿಶ್ ಹಾಕುತ್ತಾನೆ.

ಪಾತ್ರಕ್ಕಾಗಿ ಬಲರಾಜ್ ನಡೆಸಿದ ಸಿದ್ಧತೆಯನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಮೊದಲು ವೀಕ್ಷಣೆ: ಮುಂಬಯಿಯ ಜೋಗೇಶ್ವರಿಯಲ್ಲಿ ಉತ್ತರ ಪ್ರದೇಶ, ಬಿಹಾರಗಳಿಂದ ಬಂದು ಎಮ್ಮೆ ಕಟ್ಟಿ ಹಾಲು ಮಾರುತ್ತಿದ್ದವರ ಕೇರಿಗೆ ಅವರು ದಿನವೂ ಹೋಗತೊಡಗಿದರು. ಅವರು ಹೇಗೆ ಕೂರುತ್ತಾರೆ, ಹೇಗೆ ಉಣ್ಣುತ್ತಾರೆ, ತಲೆಗೆ ವಸ್ತ್ರ ಹೇಗೆ ಸುತ್ತುತ್ತಾರೆ, ದೊಡ್ಡವರ ಮುಂದೆ ಹೇಗೆ ನಿಲ್ಲುತ್ತಾರೆ ಎಂಬುದನ್ನೆಲ್ಲ ನೋಡಿದರು. ಅನಂತರ ಪ್ರಯೋಗ: ಕಲ್ಕತ್ತೆಯ ಬೀದಿಯಲ್ಲಿ ಸ್ವತಃ ಬರಿಗಾಲಿನಲ್ಲಿ ರಿಕ್ಷಾ ಎಳೆದರು.

ಕೈರಿಕ್ಷಾ ಎಳೆಯುವುದು ನೋಡಿದಷ್ಟು ಸುಲಭವಲ್ಲ. ಎರಡು ದೊಡ್ಡ ಗಾಲಿಗಳ ಮೇಲೆ ನಿಂತ ಆ ಬಂಡಿ ಒಂದು ಸನ್ನೆಯಿದ್ದಂತೆ. ಅಚ್ಚೇ ಅದರ ಆಧಾರ ಬಿಂದು. ಮುಂದಿನ ಎರಡು ಹಿಡಿಕಂಬಗಳನ್ನು ಎಳೆಯುವವನು ಸರಿಯಾದ ಎತ್ತರದಲ್ಲಿ ಹಿಡಿದಿರಬೇಕು. ಕೈ ಸಡಿಲವಾಗಿ ಕಂಬ ಮೇಲೆದ್ದರೆ ಕುಳಿತವರು ಹಿಂದಕ್ಕೆ ಉರುಳುತ್ತಾರೆ. ಹೊರಡುವಾಗ ಜಡತ್ವವನ್ನು ಮೀರಲು ಮೈಯ ಬಲವನ್ನೆಲ್ಲ ಹಾಕಬೇಕು. ಓಡುವ ಬಂಡಿಯನ್ನು ನಿಲ್ಲಿಸುವಾಗ ಅದೇ ಜಡತ್ವ ಬೆನ್ನ ಹಿಂದಿನಿಂದ ನೂಕುತ್ತದೆ. ಎತ್ತಿಗಾದರೆ ನೊಗವಿದೆ. ಇಲ್ಲಿ ನೊಗವೂ ಮನುಷ್ಯನೇ, ಎತ್ತೂ ಮನುಷ್ಯನೇ, ಬ್ರೇಕೂ ಮನುಷ್ಯನೇ! ಕಾದ ಡಾಂಬರಿನ ಮೇಲೆ ಬರಿಗಾಲಿನಲ್ಲಿ ಓಡುವವನ ಮುಖದಲ್ಲಿ ನೋವನ್ನು ಬೇರೆಯಾಗಿ ‘ತೋರಿಸುವ’ ಅಗತ್ಯ ಬೀಳುವುದಿಲ್ಲ.

ಆದರೂ ಬಲರಾಜರಿಗೆ ತೃಪ್ತಿಯಾಗಲಿಲ್ಲ. ವೇಷ ಸರಿಯಾಗಿದೆ, ನಡಿಗೆ ಸರಿಯಾಗಿದೆ, ಒಳಗೆ ಮಾತ್ರ ಏನೋ ಖಾಲಿ. ಕಲ್ಕತ್ತೆಯಲ್ಲಿ ಒಂದು ದಿನ ಹೀಗೆ ಸೋತು ಕುಳಿತಿದ್ದಾಗ ನಡುವಯಸ್ಸಿನ ರಿಕ್ಷಾದವನೊಬ್ಬ ಹತ್ತಿರ ಬಂದು, ಇಲ್ಲಿ ಏನು ನಡೆಯುತ್ತಿದೆ ಬಾಬು ಎಂದು ವಿಚಾರಿಸಿದ. ಬಲರಾಜ್ ಚಿತ್ರದ ಕಥೆ ಹೇಳಿದರು. ಕೇಳುತ್ತ ಕೇಳುತ್ತ ಆತನ ಕಣ್ಣಿನಲ್ಲಿ ನೀರು ತುಂಬಿತು. ಬಿಹಾರದ ಹಳ್ಳಿಯಲ್ಲಿ ಅವನಿಗೂ ಎರಡು ಬಿಘಾ ನೆಲವಿತ್ತು. ಅದು ಜಮೀನ್ದಾರನಲ್ಲಿ ಒತ್ತೆ ಬಿದ್ದು ಹದಿನೈದು ವರ್ಷವಾಗಿತ್ತು. ಬಿಡಿಸಿಕೊಳ್ಳಲೆಂದು ಅಂದಿನಿಂದ ರಿಕ್ಷಾ ಎಳೆಯುತ್ತಲೇ ಇದ್ದ. ಬಿಡಿಸಿಕೊಳ್ಳುವ ಆಸೆ ಬತ್ತಿಹೋಗಿತ್ತು. ಇದು ನನ್ನದೇ ಕಥೆ ಎಂದು ಹೇಳಿ ಆತ ಹೊರಟುಹೋದ.

ಅಭಿನಯದ ಬಗ್ಗೆ ಓದಿದ ಸಿದ್ಧಾಂತಗಳನ್ನೆಲ್ಲ ಅಂದು ಬದಿಗಿಟ್ಟೆ, ಆ ಮನುಷ್ಯನ ಜೀವವನ್ನೇ ನನ್ನೊಳಗೆ ಬರಮಾಡಿಕೊಂಡೆ ಎಂಬ ಅರ್ಥದಲ್ಲಿ ಬಲರಾಜ್ ಬರೆದಿದ್ದಾರೆ. ಸಿದ್ಧಾಂತ ವ್ಯರ್ಥವೆಂದು ಇದರ ಅರ್ಥವಲ್ಲ. ಓದಿದ್ದರಿಂದಲೇ ಅವರಿಗೆ ಏನನ್ನು ನೋಡಬೇಕೆಂಬುದು ಗೊತ್ತಿತ್ತು. ಆದರೆ ಪುಸ್ತಕ ನಕ್ಷೆ ಮಾತ್ರ. ಊರಿನ ನೀರಿನ ರುಚಿ ನಕ್ಷೆಯಲ್ಲಿ ಸಿಗುವುದಿಲ್ಲ.

1953ರಲ್ಲಿ ಚಿತ್ರ ಬಿಡುಗಡೆಯಾಯಿತು. ಅದೇ ಮೊದಲ ಬಾರಿಗೆ ಆರಂಭವಾದ ಫಿಲಂಫೇರ್ ಪ್ರಶಸ್ತಿಗಳಲ್ಲಿ ಉತ್ತಮ ಚಿತ್ರ, ಉತ್ತಮ ನಿರ್ದೇಶನ ಎರಡೂ ಇದಕ್ಕೇ ಬಂದವು. 1954ರ ಕಾನ್ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ಬಹುಮಾನ ಸಂದಿತು. ಬಲರಾಜರಿಗೆ ಉತ್ತಮ ನಟನೆಂಬ ಫಿಲಂಫೇರ್ ಪ್ರಶಸ್ತಿ ಅಂದೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಪದಕದ ಪಟ್ಟಿಯಲ್ಲಿ ಹೆಸರಿಲ್ಲದವರೆಲ್ಲ ಹಿಂದುಳಿದವರಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ತಾಯ್ನುಡಿಗೆ ಮರಳಿದ ದಾರಿ

ಅಲ್ಲಿಂದ ಮುಂದೆ ಪಾತ್ರಗಳು ಸಾಲುಸಾಲಾಗಿ ಬಂದವು. ‘ಅನುರಾಧಾ’ (1960) ಚಿತ್ರದಲ್ಲಿ ರೋಗಿಗಳ ಸೇವೆ, ಸಂಶೋಧನೆಗಳಲ್ಲಿ ಮುಳುಗಿ ಮನೆಯೊಳಗೆ ಹೆಂಡತಿಯ ಹಾಡು ನಿಂತುಹೋದದ್ದನ್ನೇ ಗಮನಿಸದ ಹಳ್ಳಿಯ ವೈದ್ಯ. ‘ಕಾಬೂಲಿವಾಲಾ’ (1961) ಚಿತ್ರದಲ್ಲಿ ಪರಊರಿನ ಪುಟ್ಟ ಹುಡುಗಿಯಲ್ಲಿ ತನ್ನ ಮಗಳನ್ನು ಕಾಣುವ ಪಠಾಣ. ‘ವಕ್ತ್’ (1965) ಚಿತ್ರದಲ್ಲಿ ಒಂದೇ ಭೂಕಂಪದಲ್ಲಿ ಸಂಸಾರ, ಸಂಪತ್ತು ಎರಡನ್ನೂ ಕಳೆದುಕೊಳ್ಳುವ ಲಾಲಾ ಕೇದಾರನಾಥ. ಯಾವ ಪಾತ್ರದಲ್ಲಿಯೂ ದನಿಯೇರಿಸಿ ಅತ್ತದ್ದಿಲ್ಲ, ಕೈ ಬೀಸಿ ಅಬ್ಬರಿಸಿದ್ದಿಲ್ಲ. ನಡುವೆ ಎಷ್ಟೋ ಸಾಧಾರಣ ಚಿತ್ರಗಳೂ ಇದ್ದವು. ಸಂಸಾರದ ಖರ್ಚು ಕಲಾವಿದನನ್ನೂ ಬಿಡುವುದಿಲ್ಲ.

ಹೆಸರು, ಹಣ ಎರಡೂ ಬಂದ ಈ ಕಾಲದಲ್ಲಿ ಬಲರಾಜ್ ಮತ್ತೆ ವಿದ್ಯಾರ್ಥಿಯಾದರು. ಶಾಂತಿನಿಕೇತನದಲ್ಲಿ ಬಿದ್ದ ಬೀಜ ಮೊಳೆತಿತ್ತು. ಸಂಸ್ಕೃತ, ಹಿಂದಿ, ಉರ್ದು, ಇಂಗ್ಲಿಷ್ ಬಲ್ಲ ಮನುಷ್ಯ ಮನೆಮಾತಾದ ಪಂಜಾಬಿಯನ್ನು ಬರೆಯಲು ಗುರುಮುಖಿ ಲಿಪಿಯನ್ನು ಕಲಿಯಲು ಕುಳಿತರು. ಗುರುಮುಖಿಯ ಬೆರಳಚ್ಚು ಯಂತ್ರ ಕೊಂಡರು. ಚಿತ್ರೀಕರಣದ ಬಿಡುವಿನಲ್ಲಿ ಮೂಲೆಯೊಂದರಲ್ಲಿ ಕುಳಿತು ಅಕ್ಷರ ಕುಟ್ಟುತ್ತಿದ್ದರು. ಹುಟ್ಟಿದ ನೆಲವನ್ನು ಮತ್ತೆ ನೋಡಿ ಬಂದು ಬರೆದ ಪಾಕಿಸ್ತಾನದ ಪ್ರವಾಸಕಥನ, ರಷ್ಯಾ ಪ್ರವಾಸಕಥನ ಎರಡೂ ಪಂಜಾಬಿಯಲ್ಲಿಯೇ ಇವೆ. ಎರಡನೆಯದಕ್ಕೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂದಿತು. 1969ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿತು.

1972ರಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಘಟಿಕೋತ್ಸವ ಭಾಷಣಕ್ಕೆ ಅವರನ್ನು ಆಹ್ವಾನಿಸಿತು. ಸಿನಿಮಾ ನಟನಿಂದ ಘಟಿಕೋತ್ಸವ ಭಾಷಣವೆ ಎಂದು ಹುಬ್ಬೇರಿಸಿದವರು ಭಾಷಣವನ್ನು ಓದಬೇಕು. ದೇಶ ಸ್ವತಂತ್ರವಾದರೂ ಮನಸ್ಸು ಸ್ವತಂತ್ರವಾಗಿಲ್ಲ. ನಮ್ಮ ಚಿತ್ರಗಳಿಂದ ಹಿಡಿದು ವಿಚಾರಗಳವರೆಗೆ ಎಲ್ಲದರಲ್ಲಿಯೂ ನಕಲು ಮಾಡುತ್ತಿದ್ದೇವೆ. ತಾನೇ ಯೋಚಿಸಿ, ತಾನೇ ನಿರ್ಧರಿಸಿ, ತಾನೇ ನಡೆಯುವವನು ಮಾತ್ರ ಸ್ವತಂತ್ರ ಮನುಷ್ಯ ಎಂಬುದು ಅದರ ಸಾರಾಂಶ. ಅಂಗಡಿಯ ಗಲ್ಲಾ ಬಿಟ್ಟು ಹೊರಟ ದಿನದಿಂದ ಅವರು ಈ ಮಾತಿನಂತೆಯೇ ಬದುಕಿದ್ದರು. ಅದಕ್ಕೆ ತೆರಬೇಕಾದ ಬೆಲೆಯನ್ನೂ ತೆತ್ತಿದ್ದರು.

ಗರ್ಮ್ ಹವಾ

1970ರಲ್ಲಿ ಮುಂಬಯಿಗೆ ಸಮೀಪದ ಭಿವಂಡಿಯಲ್ಲಿ ಕೋಮುಗಲಭೆ ನಡೆದಾಗ ಬಲರಾಜ್ ಸಾಹ್ನಿ ಅಲ್ಲಿಗೆ ಹೋದರು. ಜೊತೆಗೆ ಭೀಷ್ಮ ಸಾಹ್ನಿ ಇದ್ದರು. ಸುಟ್ಟ ಮನೆಗಳ ನಡುವೆ ನಡೆಯುತ್ತಿದ್ದಾಗ ತಮ್ಮನಿಗೆ ರಾವಲ್ಪಿಂಡಿಯ ನೆನಪು ಮರುಕಳಿಸಿ ‘ತಮಸ್’ ಕಾದಂಬರಿಗೆ ಬೀಜ ಬಿದ್ದಿತು. ಅಣ್ಣನ ಪಾಲಿಗೆ ಅದೇ ವಿಭಜನೆಯ ನೋವು ‘ಗರ್ಮ್ ಹವಾ’ ಚಿತ್ರದ ರೂಪದಲ್ಲಿ ಬಂದಿತು.

ಈ ಚಿತ್ರದ ನಿರ್ದೇಶಕರು ಮೈಸೂರಿನಲ್ಲಿ ಹುಟ್ಟಿ ಬೆಳೆದ ಎಂ.ಎಸ್. ಸತ್ಯು. ಕನ್ನಡಿಗರಿಗೆ ‘ಕನ್ನೇಶ್ವರ ರಾಮ’, ‘ಬರ’ ಚಿತ್ರಗಳಿಂದ ಪರಿಚಿತರು. ಫಿಲಂ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟ ಎರಡೂವರೆ ಲಕ್ಷ ರೂಪಾಯಿಯನ್ನು ಆಧಾರವಾಗಿಟ್ಟುಕೊಂಡು ಆಗ್ರಾದ ಬೀದಿಗಳಲ್ಲಿ, ಹಳೆಯ ಮನೆಗಳಲ್ಲಿ ಚಿತ್ರ ತೆಗೆದರು. ವಿಭಜನೆಯ ನಂತರ ಬಂಧುಗಳೆಲ್ಲ ಒಬ್ಬೊಬ್ಬರಾಗಿ ಪಾಕಿಸ್ತಾನಕ್ಕೆ ಹೋದರೂ ಹುಟ್ಟಿದ ನೆಲ ಬಿಡಲೊಲ್ಲದ, ಚಪ್ಪಲಿ ಬೂಟುಗಳ ಕಾರ್ಖಾನೆ ನಡೆಸುವ ಸಲೀಂ ಮಿರ್ಜಾ ಪಾತ್ರ ಬಲರಾಜರದು. ಗಡಿಯ ಆಚೆ ಮನೆ ಕಳೆದುಕೊಂಡ ಹಿಂದೂ, ಗಡಿಯ ಈಚೆ ಮನೆ ಕಳೆದುಕೊಳ್ಳುತ್ತಿರುವ ಮುಸಲ್ಮಾನನ ಪಾತ್ರ ಮಾಡಿದರು. ಇಬ್ಬರ ದುಃಖವೂ ಒಂದೇ ಎಂಬುದನ್ನು ಮಾತಿಲ್ಲದೆ ಹೇಳಿದರು.

ಚಿತ್ರದಲ್ಲಿ ಮಿರ್ಜಾರ ಮಗಳು ಪ್ರಾಣ ಕಳೆದುಕೊಳ್ಳುತ್ತಾಳೆ. ನಿಜ ಜೀವನದಲ್ಲಿ ಬಲರಾಜರ ಮಗಳು ಶಬನಂ ಅದಕ್ಕೆ ಸ್ವಲ್ಪ ಮೊದಲಷ್ಟೇ ಅಕಾಲ ಮರಣಕ್ಕೆ ತುತ್ತಾಗಿದ್ದರು. ಮಗಳ ಶವದ ಮುಂದೆ ನಿಂತ ತಂದೆಯ ಆ ದೃಶ್ಯದಲ್ಲಿ ಗೋಳಾಟವಿಲ್ಲ. ಮುಖ ಮರಗಟ್ಟಿದೆ, ಅಷ್ಟೇ. ಒಂದು ಕಾಲದಲ್ಲಿ ಕ್ಯಾಮೆರಾದ ಭಯದಿಂದ ಕೊರಡಾಗುತ್ತಿದ್ದ ನಟ, ದುಃಖ ಮನುಷ್ಯನನ್ನು ಹೇಗೆ ಕೊರಡಾಗಿಸುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿದ್ದು ಹೀಗೆ.

ಖರ್ಚು ಉಳಿಸಲು ಚಿತ್ರದ ಮಾತುಗಳನ್ನು ನಂತರ ಸ್ಟುಡಿಯೊದಲ್ಲಿ ಧ್ವನಿಮುದ್ರಿಸಿಕೊಳ್ಳಲಾಯಿತು. ಬಲರಾಜ್ ತಮ್ಮ ಪಾತ್ರದ ಮಾತುಗಳನ್ನೆಲ್ಲ ಮುಗಿಸಿಕೊಟ್ಟರು. ಮನುಷ್ಯ ಒಂಟಿಯಾಗಿ ಎಷ್ಟು ದಿನ ಬದುಕಬಲ್ಲ ಎಂಬ ಅರ್ಥದ ಮಾತು ಅವರು ಕೊನೆಯದಾಗಿ ನುಡಿದದ್ದು. ಮರುದಿನ, 1973ರ ಏಪ್ರಿಲ್ 13ರಂದು, ಹೃದಯಾಘಾತದಿಂದ ತೀರಿಕೊಂಡರು. ಅರುವತ್ತು ತುಂಬಲು ಇನ್ನೂ ಹದಿನೆಂಟು ದಿನಗಳಿದ್ದವು.

ಗಲಭೆಯಾಗಬಹುದೆಂಬ ಹೆದರಿಕೆಯಿಂದ ಚಿತ್ರಕ್ಕೆ ಸೆನ್ಸಾರ್ ಅನುಮತಿ ತಿಂಗಳುಗಟ್ಟಲೆ ತಡವಾಯಿತು. ಕೊನೆಗೆ 1974ರಲ್ಲಿ ಮೊದಲು ತೆರೆ ಕಂಡದ್ದು ಬೆಂಗಳೂರಿನಲ್ಲಿ. ಯಾವ ಗಲಭೆಯೂ ಆಗಲಿಲ್ಲ, ಜನ ಮೆಚ್ಚಿದರು, ಅನಂತರ ದೇಶದ ಇತರ ಕಡೆಗಳಿಗೂ ಚಿತ್ರ ಹೋಯಿತು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ರಾಷ್ಟ್ರಪ್ರಶಸ್ತಿಯೂ ಬಂದಿತು. ನಾಲ್ಕು ದಶಕಗಳ ನಂತರ, 2014ರಲ್ಲಿ, ಮಾಸಿದ ಪ್ರತಿಯನ್ನು ದುರಸ್ತಿ ಮಾಡಿ ಚಿತ್ರಮಂದಿರಗಳಲ್ಲಿ ಮತ್ತೆ ಬಿಡುಗಡೆ ಮಾಡಿದರು. 2019ರಲ್ಲಿ ಮಗ ಪರೀಕ್ಷಿತ್ ಸಾಹ್ನಿ, ಅವರೂ ನಟರೇ, ತಂದೆಯನ್ನು ಕುರಿತು ಒಂದು ಪುಸ್ತಕ ಬರೆದರು.

ರಜೆಯ ಒಂದು ಸಂಜೆ ತಂದೆ ತಾಯಿ ಮಕ್ಕಳು ಒಟ್ಟಿಗೆ ಕುಳಿತು ‘ದೋ ಬಿಘಾ ಜಮೀನ್’ ನೋಡಬಹುದು. ಹಿಂದಿ ಪೂರ್ತಿ ಬಾರದಿದ್ದರೂ ತೊಂದರೆಯಿಲ್ಲ. ನಾಯಕನ ಮುಖವನ್ನು ಮಾತ್ರ ನೋಡದೆ ಕಾಲುಗಳನ್ನೂ ಗಮನಿಸಬೇಕು. ಹಳ್ಳಿಯ ಹೊಲದಲ್ಲಿ ನಡೆಯುವಾಗ ಆ ಕಾಲುಗಳಿಗೆ ಅವಸರವಿಲ್ಲ. ಕಲ್ಕತ್ತೆಗೆ ಬಂದಿಳಿದಾಗ ಅವು ಅಂಜುತ್ತವೆ. ರಿಕ್ಷಾ ಹಿಡಿದ ಮೇಲೆ ಸವಾರಿ ಕುಳಿತವರ ಮರ್ಜಿಗೆ ತಕ್ಕಂತೆ ಓಡುತ್ತವೆ. ಕೊನೆಯಲ್ಲಿ ಕಾರ್ಖಾನೆಯ ಬೇಲಿಯ ಹೊರಗೆ, ಒಂದು ಹಿಡಿ ಮಣ್ಣನ್ನೂ ಎತ್ತಿಕೊಳ್ಳುವ ಹಕ್ಕಿಲ್ಲದ ತನ್ನದೇ ನೆಲದ ಅಂಚಿನಲ್ಲಿ ನಿಂತು, ಮೆಲ್ಲನೆ ಬೆನ್ನು ತಿರುಗಿಸುತ್ತವೆ. ಲಾಹೋರಿನ ಕಾಲೇಜಿನಲ್ಲಿ ಷೇಕ್ಸ್‌ಪಿಯರನನ್ನು ಓದಿದ ಕಾಲುಗಳು ಇವೇ ಎಂದು ಹೇಳಿದರೆ ಮಕ್ಕಳು ನಂಬಲಿಕ್ಕಿಲ್ಲ.